ವಾಕ್ಯದ ಕರ್ತೃ ಎಲ್ಲಿಗೆ ಹೋದ?

ಮಾಧ್ಯಮಗಳ ಭಾಷೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಕೆಲವು ಉತ್ತರಗಳು ಉದ್ದವಾಗಿವೆ, ಕೆಲವು ಚಿಕ್ಕವಾಗಿವೆ. ಅದು ಪ್ರಶ್ನೆಯ ಹರಹಿನಿಂದಾದದ್ದೇ ಹೊರತು ಕೇಳಿದವರಲ್ಲಿ ಭೇದವೆಣಿಸಿ ಅಲ್ಲ.

ಪ್ರಶ್ನೆ: ಒಂದೇ ಘಟನೆಯನ್ನು ಎರಡು ದೇಶಗಳ ಪತ್ರಿಕೆಗಳಲ್ಲಿ ಓದಿದೆ. ಸುಳ್ಳೆನ್ನುವಂಥದ್ದು ಎರಡರಲ್ಲೂ ಕಾಣಲಿಲ್ಲ. ಆದರೂ ಓದಿ ಮುಗಿಸಿದಾಗ ಎರಡು ಬೇರೆ ಬೇರೆ ಘಟನೆಗಳನ್ನು ಓದಿದಂತಾಯಿತು. ಇದು ಹೇಗೆ? (ನಿವೃತ್ತ ಅಧ್ಯಾಪಕರೊಬ್ಬರು)

ಉತ್ತರ: ಮಾನ್ಯರೆ, ನಿಮಗೆ ಅನ್ನಿಸಿದ್ದು ಸರಿಯಾಗಿಯೇ ಇದೆ. ಒಂದು ಸುಳ್ಳನ್ನೂ ಹೇಳದೆ ಓದುಗನನ್ನು ತಮಗೆ ಬೇಕಾದ ಕಡೆಗೆ ನಡೆಸಿಕೊಂಡು ಹೋಗಬಹುದು. ಅದಕ್ಕೆ ದೊಡ್ಡ ಹೂಟವೇನೂ ಬೇಕಿಲ್ಲ. ಒಂದು ಕ್ರಿಯಾಪದ ಸಾಕು.

1974ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತಗಳ ಕಿರುಚಿತ್ರಗಳನ್ನು ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಎಂದು ಕೇಳಿದರು. ಎಲ್ಲರಿಗೂ ಪ್ರಶ್ನೆ ಒಂದೇ, ಬದಲಾದದ್ದು ಅದರೊಳಗಿನ ಕ್ರಿಯಾಪದ ಮಾತ್ರ. ಕಾರುಗಳು ಒಂದಕ್ಕೊಂದು ‘ತಾಗಿದಾಗ’ ಎಂದು ಕೇಳಿಸಿಕೊಂಡವರು ಸರಾಸರಿ ಗಂಟೆಗೆ 32 ಮೈಲಿಯ ಆಸುಪಾಸಿನ ವೇಗ ಹೇಳಿದರೆ, ‘ಅಪ್ಪಳಿಸಿಕೊಂಡಾಗ’ ಎಂದು ಕೇಳಿಸಿಕೊಂಡವರ ಅಂದಾಜು 40 ಮೈಲಿಯನ್ನು ದಾಟಿತು. ಇಷ್ಟೇ ಆಗಿದ್ದರೆ ಬಾಯ್ಮಾತಿನ ವ್ಯತ್ಯಾಸವೆಂದು ಬಿಟ್ಟುಬಿಡಬಹುದಿತ್ತು. ಎರಡನೆಯ ಪ್ರಯೋಗದಲ್ಲಿ ಅವರು ಚಿತ್ರ ನೋಡಿದವರನ್ನು ಒಂದು ವಾರ ಕಳೆದ ಮೇಲೆ ಮತ್ತೆ ಕರೆಸಿ, ಒಡೆದ ಗಾಜು ಕಂಡಿತ್ತೇ ಎಂದು ಕೇಳಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ‘ಡಿಕ್ಕಿ ಹೊಡೆದಾಗ’ ಎಂಬ ಪ್ರಶ್ನೆಯನ್ನು ಎದುರಿಸಿದ್ದ 50 ಜನರಲ್ಲಿ 7 ಮಂದಿ ಕಂಡಿತ್ತು ಎಂದರು. ‘ಅಪ್ಪಳಿಸಿಕೊಂಡಾಗ’ ಎಂಬುದನ್ನು ಕೇಳಿದ್ದ 50ರಲ್ಲಿ 16 ಮಂದಿ ಕಂಡಿತ್ತು ಎಂದರು. ಕಣ್ಣಾರೆ ನೋಡಿದವರ ನೆನಪಿನೊಳಕ್ಕೇ ಒಂದು ಪದ ಗಾಜಿನ ಚೂರುಗಳನ್ನು ತಂದು ಸುರಿದಿತ್ತು. ಘಟನೆಯನ್ನು ಕಾಣದ, ವರದಿಯನ್ನಷ್ಟೇ ಓದಿದ ನಮ್ಮ ಪಾಡನ್ನು ಹೇಳಬೇಕಾಗಿಲ್ಲ.

ನೀವು ಓದಿದ ಎರಡು ಪತ್ರಿಕೆಗಳಲ್ಲಿ ಮೊದಲು ಹೆಸರುಗಳನ್ನು ನೋಡಿ. 1973ರ ಅಕ್ಟೋಬರ್‌ನಲ್ಲಿ ನಡೆದ ಯುದ್ಧ ಇಸ್ರೇಲಿನಲ್ಲಿ ಯೋಮ್ ಕಿಪ್ಪುರ್ ಯುದ್ಧ, ಈಜಿಪ್ಟಿನಲ್ಲಿ ಅಕ್ಟೋಬರ್ ಯುದ್ಧ. ಮೊದಲ ಹೆಸರು ಪ್ರಾರ್ಥನೆಯ ದಿನ ಮೈಮೇಲೆ ಬಿದ್ದ ದಾಳಿಯನ್ನು ನೆನಪಿಸುತ್ತದೆ, ಎರಡನೆಯದು ಆ ಸೂಚನೆಯನ್ನು ದೂರವಿಡುತ್ತದೆ. ಜಗತ್ತು ವಿಯೆಟ್ನಾಂ ಯುದ್ಧ ಎನ್ನುವುದನ್ನು ವಿಯೆಟ್ನಾಮಿನವರು ಅಮೆರಿಕದ ವಿರುದ್ಧದ ಯುದ್ಧ ಎನ್ನುತ್ತಾರೆ. 1857ರದ್ದು ಬ್ರಿಟಿಷರ ಬರವಣಿಗೆಯಲ್ಲಿ ‘ಸಿಪಾಯಿ ದಂಗೆ’, ನಮ್ಮ ಪಠ್ಯಗಳಲ್ಲಿ ‘ಪ್ರಥಮ ಸ್ವಾತಂತ್ರ್ಯ ಸಂಗ್ರಾಮ’. ಹೆಸರನ್ನು ಒಪ್ಪಿಕೊಂಡ ಓದುಗ ಯಾರು ಸರಿ ಎಂಬ ತೀರ್ಪಿನ ಅರ್ಧ ಭಾಗವನ್ನೂ ಗೊತ್ತಿಲ್ಲದೆಯೇ ಒಪ್ಪಿಕೊಂಡಿರುತ್ತಾನೆ.

ಆಮೇಲೆ ಕರ್ತೃವನ್ನು ಹುಡುಕಿ. ಇದಕ್ಕೆ ನಮ್ಮ ಭಾಷೆಯಿಂದಲೇ ಉದಾಹರಣೆ ಕೊಡುತ್ತೇನೆ. ‘ಪೊಲೀಸರು ಗುಂಡು ಹಾರಿಸಿ ಮೂವರನ್ನು ಕೊಂದರು’, ‘ಗೋಲಿಬಾರ್‌ಗೆ ಮೂವರು ಬಲಿ’, ‘ಘರ್ಷಣೆಯಲ್ಲಿ ಮೂವರ ಸಾವು’. ಮೂರೂ ಒಂದೇ ಘಟನೆಯ ಶೀರ್ಷಿಕೆಗಳಾಗಬಹುದು, ಮೂರೂ ಸುಳ್ಳಲ್ಲ. ಮೊದಲನೆಯದರಲ್ಲಿ ಕೊಂದವರಿದ್ದಾರೆ, ಎರಡನೆಯದರಲ್ಲಿ ಗುಂಡು ಮಾತ್ರ ಇದೆ, ಮೂರನೆಯದರಲ್ಲಿ ಸಾವು ಮಳೆಯಂತೆ ತಾನಾಗಿ ಬಂದಿದೆ. ಸುದ್ದಿಮನೆಯಲ್ಲಿ ಶೀರ್ಷಿಕೆ ಕೊಡುವ ಕೆಲಸವನ್ನು ಹಲವು ವರ್ಷ ಮಾಡಿದವನಾಗಿ ಹೇಳುತ್ತೇನೆ, ಮೂರನೆಯದನ್ನು ಆರಿಸಿಕೊಳ್ಳುವವನು ಯಾರದೋ ಪಕ್ಷ ವಹಿಸಬೇಕೆಂದೇ ಆರಿಸಿಕೊಳ್ಳುವುದಿಲ್ಲ. ಅದು ಚಿಕ್ಕದು, ಅಂಕಣದ ಅಗಲಕ್ಕೆ ಹೊಂದುತ್ತದೆ, ಯಾರೂ ಫೋನ್ ಮಾಡಿ ಆಕ್ಷೇಪಿಸುವುದಿಲ್ಲ. ‘ಬಲಿ’ ಎಂಬ ಪದವನ್ನಂತೂ ನಾವು ಎಷ್ಟು ಸಲೀಸಾಗಿ ಬಳಸುತ್ತೇವೆಂದರೆ, ಅಪಘಾತಕ್ಕೆ ಬಲಿ, ಜ್ವರಕ್ಕೆ ಬಲಿ, ಗೋಡೆ ಕುಸಿತಕ್ಕೆ ಬಲಿ ಎಂದು ಬರೆಯುವಾಗ, ಗೋಡೆಯನ್ನು ಕಳಪೆಯಾಗಿ ಕಟ್ಟಿದ ಮನುಷ್ಯನೊಬ್ಬ ಇದ್ದಾನೆಂಬುದು ಬರೆಯುವವನಿಗೂ ಓದುವವನಿಗೂ ಮರೆತುಹೋಗುತ್ತದೆ. ‘ಎನ್ನಲಾಗಿದೆ’, ‘ಎಂದು ಹೇಳಲಾಗುತ್ತಿದೆ’ ಎಂಬ ವಾಕ್ಯಗಳ ಕೊನೆಯಲ್ಲಿ ‘ಯಾರಿಂದ?’ ಎಂದು ಪೆನ್ಸಿಲಿನಲ್ಲಿ ಬರೆಯುತ್ತ ಹೋಗಿ. ಒಂದು ಪುಟ ಮುಗಿಯುವಷ್ಟರಲ್ಲಿ ಆ ಪತ್ರಿಕೆಯ ಸ್ವಭಾವ ನಿಮಗೆ ತಿಳಿದಿರುತ್ತದೆ.

ಪ್ರಶ್ನೆ: ಅನುವಾದದ ತಪ್ಪಿನಿಂದ ಯುದ್ಧವೇ ಆದದ್ದಿದೆ ಎಂದು ಎಲ್ಲೋ ಕೇಳಿದೆ. ಇದು ನಿಜವೇ? (ಭಾಷಾಂತರ ಕಲಿಯುತ್ತಿರುವ ವಿದ್ಯಾರ್ಥಿನಿ)

ಉತ್ತರ: ಬಹುಶಃ ನೀವು ಕೇಳಿದ್ದು ಎಮ್ಸ್ ತಂತಿಯ ವಿಷಯವಿರಬೇಕು. ಅನುವಾದವೊಂದರಿಂದಲೇ ಯುದ್ಧವಾಯಿತು ಎನ್ನುವುದು ಅತಿಯಾದೀತು; ಆದರೆ ಸಂಪಾದಕನ ಕತ್ತರಿ, ಪತ್ರಿಕೆಯ ವೇಗ ಮತ್ತು ಅನುವಾದದ ಒಂದು ಪದ ಮೂರೂ ಸೇರಿದರೆ ಏನಾಗಬಲ್ಲದು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

1870ರ ಜುಲೈ. ಅಂದಿನ ಜರ್ಮನ್ ರಾಜ್ಯಗಳಲ್ಲಿ ದೊಡ್ಡದಾಗಿದ್ದ ಪ್ರಷ್ಯಾದ ದೊರೆ ಒಂದನೆಯ ವಿಲ್ಹೆಲ್ಮ್ ಎಮ್ಸ್ ಎಂಬ ಊರಿನಲ್ಲಿ ವಿಶ್ರಾಂತಿಯಲ್ಲಿದ್ದ. ಅವನ ವಂಶದ ರಾಜಕುಮಾರನೊಬ್ಬನನ್ನು ಸ್ಪೇನಿನ ಸಿಂಹಾಸನಕ್ಕೆ ಕೂರಿಸುವ ಪ್ರಸ್ತಾಪಕ್ಕೆ ಫ್ರಾನ್ಸ್ ಸಿಡಿದೆದ್ದಿತ್ತು. ಪ್ರಸ್ತಾಪ ಹಿಂದಕ್ಕೆ ಹೋಗಿಯೂ ಆಗಿತ್ತು. ಜುಲೈ 13ರ ಬೆಳಿಗ್ಗೆ ಫ್ರಾನ್ಸಿನ ರಾಯಭಾರಿ ಬೆನೆಡೆಟ್ಟಿ, ವಾಯುವಿಹಾರದಲ್ಲಿದ್ದ ದೊರೆಯನ್ನು ಕಂಡು, ಮುಂದೆಂದಿಗೂ ಇಂಥದ್ದಕ್ಕೆ ಒಪ್ಪಿಗೆ ಕೊಡುವುದಿಲ್ಲವೆಂದು ಮಾತು ಕೊಡಬೇಕೆಂದು ಒತ್ತಾಯಿಸಿದ. ಎಂದೆಂದಿಗೂ ಎಂಬ ಮಾತು ಕೊಡಲಾಗದೆಂದು ದೊರೆ ಕೊನೆಗೆ ಸ್ವಲ್ಪ ಗಡುಸಾಗಿಯೇ ನಿರಾಕರಿಸಿದ. ಆಮೇಲೆ, ಪ್ರಸ್ತಾಪ ಹಿಂದಕ್ಕೆ ಹೋದದ್ದು ಖಚಿತವಾಗಿದೆ, ಇನ್ನು ಹೇಳುವುದೇನೂ ಉಳಿದಿಲ್ಲ ಎಂದು ತನ್ನ ಅಧಿಕಾರಿಯ ಮೂಲಕ ರಾಯಭಾರಿಗೆ ತಿಳಿಸಿದ. ಈ ವಿವರವೆಲ್ಲ ತಂತಿಯ ಮೂಲಕ ಬರ್ಲಿನ್ನಿನಲ್ಲಿದ್ದ ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕ್‌ಗೆ ತಲುಪಿತು. ಬೇಕೆನಿಸಿದರೆ ಪತ್ರಿಕೆಗಳಿಗೆ ಕೊಡಬಹುದೆಂಬ ಅನುಮತಿಯೂ ಅದರಲ್ಲಿತ್ತು.

ಬಿಸ್ಮಾರ್ಕ್ ಅದಕ್ಕೆ ಹೊಸ ಸಂಗತಿಯನ್ನೇನೂ ಸೇರಿಸಲಿಲ್ಲ, ಕತ್ತರಿಸಿದ. ಬೆಳಗಿನ ಮಾತುಕತೆ, ಕಾರಣ, ಮಧ್ಯೆ ಕಳೆದ ಸಮಯ ಎಲ್ಲ ಹೋಗಿ, ರಾಯಭಾರಿ ಬೇಡಿಕೆಯಿಟ್ಟ, ಆಗ ದೊರೆ ಅವನನ್ನು ಮತ್ತೆ ಕಾಣಲು ನಿರಾಕರಿಸಿ ‘ಆಡ್ಯುಟಾಂಟ್’ ಒಬ್ಬನ ಮೂಲಕ ಹೇಳುವುದೇನೂ ಇಲ್ಲವೆಂದು ತಿಳಿಸಿದ ಎಂಬಷ್ಟು ಉಳಿಯಿತು. ಮೊದಲಿದ್ದದ್ದು ಮಾತುಕತೆಗೆ ಕರೆಯುವ ನಗಾರಿಯಂತಿತ್ತು, ಈಗ ಸವಾಲಿಗೆ ಉತ್ತರ ಕೊಡುವ ಕಹಳೆಯಂತಾಗಿದೆ ಎಂದು ಜೊತೆಯಲ್ಲಿ ಊಟಕ್ಕೆ ಕುಳಿತಿದ್ದ ಸೇನಾಪತಿ ಮೋಲ್ಟ್ಕೆ ಹೇಳಿದನೆಂದು ಬಿಸ್ಮಾರ್ಕ್ ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾನೆ.

ಇನ್ನು ನಿಮ್ಮ ವಿಷಯಕ್ಕೆ ಬರೋಣ. ಜರ್ಮನ್ನಿನಲ್ಲಿ ‘ಆಡ್ಯುಟಾಂಟ್’ ಎಂದರೆ ದೊರೆಯ ಆಪ್ತವಲಯದ ಉನ್ನತ ಸೇನಾಧಿಕಾರಿ. ಅವನ ಮೂಲಕ ಹೇಳಿಕಳಿಸುವುದರಲ್ಲಿ ಅಗೌರವವಿಲ್ಲ. ಫ್ರೆಂಚಿನಲ್ಲಿ ಹೆಚ್ಚುಕಡಿಮೆ ಹಾಗೆಯೇ ಕಾಣುವ ಪದಕ್ಕೆ ಅರ್ಥ ಬೇರೆ: ಅಧಿಕಾರಿಯ ದರ್ಜೆಗೂ ಏರದ ಕೆಳಹಂತದ ಸೈನಿಕ. ಪ್ಯಾರಿಸ್ಸಿಗೆ ಸುದ್ದಿ ತಲುಪಿದಾಗ ಆ ಪದ ಅನುವಾದಗೊಳ್ಳದೆ ಹಾಗೆಯೇ ಉಳಿದಿತ್ತು. ತಮ್ಮ ರಾಯಭಾರಿಯನ್ನು ಒಬ್ಬ ಹವಾಲ್ದಾರನಿಂದ ಬಾಗಿಲಾಚೆ ಕಳಿಸಿದರೆಂದು ಫ್ರೆಂಚರು ಓದಿಕೊಂಡರು. ಫ್ರಾನ್ಸಿನವನೊಬ್ಬ ತಮ್ಮ ವೃದ್ಧ ದೊರೆಯನ್ನು ದಾರಿಯಲ್ಲಿ ಅಡ್ಡಗಟ್ಟಿ ಪೀಡಿಸಿದನೆಂದು ಜರ್ಮನ್ನರು ಓದಿಕೊಂಡರು. ಕೆಲವೇ ಸಾಲಿನ ಒಂದೇ ಬರಹದಿಂದ ಎರಡು ಜನಾಂಗಗಳಿಗೂ ಅವಮಾನವಾಯಿತು. ಜುಲೈ 19ರಂದು ಫ್ರಾನ್ಸ್ ಯುದ್ಧ ಘೋಷಿಸಿತು.

ಯುದ್ಧಕ್ಕೆ ಬೇರೆ ಕಾರಣಗಳು ಸಾಕಷ್ಟಿದ್ದವು, ಎರಡೂ ಕಡೆ ಅದನ್ನು ಬಯಸಿದವರಿದ್ದರು. ಆದರೆ ಭಾಷಾಂತರ ಕಲಿಯುತ್ತಿರುವ ನಿಮಗೆ ಒಂದು ಮಾತು ಹೇಳಬೇಕು: ಕಷ್ಟದ ಪದಗಳು ಅಷ್ಟಾಗಿ ಅಪಾಯಕಾರಿಯಲ್ಲ, ಏಕೆಂದರೆ ಅವು ನಿಮ್ಮನ್ನು ನಿಘಂಟಿನ ಕಡೆಗೆ ಓಡಿಸುತ್ತವೆ. ಪರಿಚಿತವಾಗಿ ಕಾಣುವ ಪದ, ಅನುವಾದವೇ ಬೇಡವೆನಿಸುವ ಪದ, ಅದರ ಮುಂದೆ ಎರಡು ಸಲ ನಿಲ್ಲಿ.

ಪ್ರಶ್ನೆ: ಬೇರೆ ಬೇರೆ ಸಂಸ್ಕೃತಿಯ ಜನ ನಿಜವಾಗಿಯೂ ಜಗತ್ತನ್ನು ಬೇರೆ ಬೇರೆಯಾಗಿ ಕಾಣುತ್ತಾರೆಯೇ, ಅಥವಾ ಅವರವರ ಮಾಧ್ಯಮಗಳು ಹಾಗೆ ಕಾಣಿಸುತ್ತವೆಯೇ? (ಸಮಾಜಶಾಸ್ತ್ರದ ಉಪನ್ಯಾಸಕರು)

ಉತ್ತರ: ಎರಡನ್ನೂ ಪೂರ್ತಿಯಾಗಿ ಬಿಡಿಸಿ ನೋಡಲಾಗದು, ಆದರೂ ಒಂದು ಅಧ್ಯಯನ ಬಹಳ ಹತ್ತಿರ ಹೋಗುತ್ತದೆ. 1991ರಲ್ಲಿ ಅಮೆರಿಕದಲ್ಲಿ ಎರಡು ಸಾಮೂಹಿಕ ಹತ್ಯೆಗಳಾದವು. ಅಯೋವಾದ ವಿಶ್ವವಿದ್ಯಾಲಯದಲ್ಲಿ ಕೊಂದವನು ಚೀನಾದಿಂದ ಬಂದಿದ್ದ ಭೌತಶಾಸ್ತ್ರದ ಸಂಶೋಧಕ. ಮಿಷಿಗನ್‌ನಲ್ಲಿ ಕೊಂದವನು ಕೆಲಸ ಕಳೆದುಕೊಂಡಿದ್ದ ಅಮೆರಿಕದ ಅಂಚೆ ನೌಕರ. ಮೈಕೆಲ್ ಮಾರಿಸ್ ಮತ್ತು ಕೈಪಿಂಗ್ ಪೆಂಗ್ ಈ ಎರಡರ ವರದಿಗಳನ್ನು ಇಂಗ್ಲಿಷಿನ ನ್ಯೂಯಾರ್ಕ್ ಟೈಮ್ಸ್‌ನಲ್ಲೂ ಚೀನೀ ಭಾಷೆಯ ವರ್ಲ್ಡ್ ಜರ್ನಲ್‌ನಲ್ಲೂ ಹೋಲಿಸಿ 1994ರಲ್ಲಿ ಪ್ರಕಟಿಸಿದರು. ಇಂಗ್ಲಿಷ್ ವರದಿಗಳು ಕೊಲೆಗಾರನ ಒಳಗನ್ನು ಹೆಚ್ಚು ಅಗೆದವು: ಅವನ ಸಿಟ್ಟು, ಮನಸ್ಸಿನ ಅಸ್ಥಿರತೆ. ಚೀನೀ ವರದಿಗಳು ಅವನ ಸುತ್ತಲನ್ನು ಹೆಚ್ಚು ಹೇಳಿದವು: ಮಾರ್ಗದರ್ಶಕರೊಂದಿಗೆ ಕೆಟ್ಟ ಸಂಬಂಧ, ಹೋದ ಕೆಲಸ, ಸುಲಭವಾಗಿ ಕೈಗೆ ಸಿಗುವ ಬಂದೂಕು. ಮುಖ್ಯವಾದ ಸಂಗತಿಯೆಂದರೆ, ಕೊಲೆಗಾರ ಚೀನೀಯನಾದಾಗಲೂ ಅಮೆರಿಕದವನಾದಾಗಲೂ ಈ ವ್ಯತ್ಯಾಸ ಹಾಗೆಯೇ ಇತ್ತು. ಹಾಗಾಗಿ ಇದು ತಮ್ಮವನನ್ನು ಕಾಪಾಡುವ ಪಕ್ಷಪಾತ ಮಾತ್ರವಲ್ಲ, ‘ಏಕೆ ಹೀಗಾಯಿತು?’ ಎಂಬ ಪ್ರಶ್ನೆಗೆ ಉತ್ತರವನ್ನು ಎಲ್ಲಿ ಹುಡುಕಬೇಕೆಂಬ ರೂಢಿಯೇ ಬೇರೆ.

ಆದರೆ ಇಲ್ಲಿಂದ ‘ಪೂರ್ವದವರು ಹೀಗೆ, ಪಶ್ಚಿಮದವರು ಹಾಗೆ’ ಎಂಬ ಸೂತ್ರಕ್ಕೆ ಹಾರಬೇಡಿ ಎಂದು ನಿಮ್ಮಲ್ಲಿ ವಿನಂತಿ. ನಿಮ್ಮ ವಿದ್ಯಾರ್ಥಿಗಳು ಖಂಡಿತ ಹಾರುತ್ತಾರೆ. 1966ರಲ್ಲಿ ರಾಬರ್ಟ್ ಕ್ಯಾಪ್ಲಾನ್ ಎಂಬ ವಿದ್ವಾಂಸ ಇಂಗ್ಲಿಷಿನವರ ವಾದಸರಣಿಗೆ ನೇರ ಗೆರೆಯನ್ನೂ ಪೌರ್ವಾತ್ಯರದ್ದಕ್ಕೆ ಒಳಕ್ಕೆ ಸುತ್ತುವ ಸುರುಳಿಯನ್ನೂ ಬರೆದು ತೋರಿಸಿದ್ದ. ಆ ಚಿತ್ರಗಳು ಪಾಠದ ಹಲಗೆಯ ಮೇಲೆ ಬಹಳ ವರ್ಷ ಬಾಳಿದವು. ತನ್ನ ವಾದ ಅತಿಯಾಗಿತ್ತೆಂದು ಅವನೇ 1987ರಲ್ಲಿ ಒಪ್ಪಿಕೊಂಡದ್ದು ಅಷ್ಟು ದೂರ ಹೋಗಲಿಲ್ಲ. ಮೇಲಾಗಿ, ಒಂದೇ ಸಂಸ್ಕೃತಿಯ ಒಳಗೂ ನಿರೂಪಣೆಯ ರೀತಿ ಬದಲಾದರೆ ತೀರ್ಪು ಬದಲಾಗುತ್ತದೆ. ಶಾಂತೊ ಅಯ್ಯಂಗಾರ್ ಅಮೆರಿಕದ ದೂರದರ್ಶನ ಸುದ್ದಿಗಳ ಮೇಲೆ ನಡೆಸಿ 1991ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬಡತನವನ್ನು ಒಬ್ಬ ಬಡವಿಯ ಕಥೆಯಾಗಿ ನೋಡಿದವರು ಹೊಣೆಯನ್ನು ಆಕೆಯ ಮೇಲೆಯೇ ಹೆಚ್ಚು ಹೊರಿಸಿದರು. ದೇಶದ ಒಟ್ಟು ಪರಿಸ್ಥಿತಿಯಾಗಿ ನೋಡಿದವರು ಸರ್ಕಾರದ ಮತ್ತು ಸಮಾಜದ ಮೇಲೆ ಹೊರಿಸಿದರು. ಮನ ಕರಗಿಸಬೇಕೆಂದು ಒಬ್ಬಳ ಮುಖವನ್ನು ಹತ್ತಿರದಿಂದ ತೋರಿಸುವ ವರದಿಗಾರ ತನಗೆ ತಿಳಿಯದೆಯೇ ಅವಳನ್ನು ಕಟಕಟೆಗೆ ಹತ್ತಿಸಿರಬಹುದು ಎಂಬುದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಪ್ರಶ್ನೆ: ಭಾವನೆಗಳನ್ನು ಕೆರಳಿಸುವ ಮಾತೆಲ್ಲ ಮೋಸವೇ? ವಾಕ್ಚಾತುರ್ಯವೇ ತಪ್ಪೇ? (ಚರ್ಚಾಸ್ಪರ್ಧೆಗಳಲ್ಲಿ ಭಾಗವಹಿಸುವ ಯುವಕ)

ಉತ್ತರ: ಅಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಅರಿಸ್ಟಾಟಲ್, ಮಾತು ಕೇಳುಗನನ್ನು ಒಪ್ಪಿಸುವುದು ಮೂರು ಬಗೆಯಲ್ಲಿ ಎಂದಿದ್ದ: ಆಡುವವನ ನಡತೆಯ ಮೇಲಿನ ನಂಬಿಕೆ, ಕೇಳುವವನ ಭಾವ, ಮಾತಿನೊಳಗಿನ ತರ್ಕ. ಭಾವವನ್ನು ತೆಗೆದುಹಾಕಿದರೆ ನ್ಯಾಯವಾದ ಮಾತೂ ಯಾರನ್ನೂ ಎಬ್ಬಿಸುವುದಿಲ್ಲ. ನೀವು ಗಮನಿಸಬೇಕಾದದ್ದು ಆ ಮಾತು ಮನುಷ್ಯರಿಗೆ ಏನು ಹೆಸರಿಡುತ್ತಿದೆ ಎಂಬುದನ್ನು. ರುವಾಂಡಾದಲ್ಲಿ 1993ರಲ್ಲಿ ಆರಂಭವಾದ ಆರ್‌ಟಿಎಲ್‌ಎಂ ಎಂಬ ರೇಡಿಯೊ ಜನಪ್ರಿಯ ಸಂಗೀತ, ತಮಾಷೆ, ಹರಟೆಗಳಿಂದಲೇ ಕೇಳುಗರನ್ನು ಗಳಿಸಿತ್ತು. ಅದರಲ್ಲಿ ಆ ದೇಶದ ಅಲ್ಪಸಂಖ್ಯಾತ ಸಮುದಾಯವಾದ ತುತ್ಸಿಗಳು ‘ಇನ್ಯೆಂಜಿ’, ಅಂದರೆ ಜಿರಲೆಗಳು. 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನ ನಡೆದ ನರಮೇಧದಲ್ಲಿ ಕೊಲ್ಲುವುದಕ್ಕೆ ಬಳಕೆಯಾದ ಪದ ‘ಕೆಲಸ’. ಜಿರಲೆಯನ್ನು ಕೊಲ್ಲುವುದು ಕೊಲೆಯಲ್ಲ, ಕೆಲಸಕ್ಕೆ ಹೋಗುವುದು ಪಾಪವಲ್ಲ. ಎರಡೇ ಪದಗಳಲ್ಲಿ ನೆರೆಹೊರೆಯವರ ಮನಸ್ಸಾಕ್ಷಿಗೆ ಬೀಗ ಬಿತ್ತು. 2003ರಲ್ಲಿ ಅರುಷಾದ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ರೇಡಿಯೊದ ಸ್ಥಾಪಕರಲ್ಲಿ ಇಬ್ಬರಿಗೂ ಒಂದು ಪತ್ರಿಕೆಯ ಸಂಪಾದಕನಿಗೂ ಶಿಕ್ಷೆ ವಿಧಿಸಿತು. 2007ರ ಮೇಲ್ಮನವಿಯಲ್ಲಿ ಕೆಲವು ಆರೋಪಗಳು ಬಿದ್ದು ಶಿಕ್ಷೆಯ ಅವಧಿ ಇಳಿದರೂ ಮೂವರೂ ತಪ್ಪಿತಸ್ಥರಾಗಿಯೇ ಉಳಿದರು. ನಿಮ್ಮ ಎದುರಾಳಿಯನ್ನು ಎಷ್ಟು ಬೇಕಾದರೂ ಖಂಡಿಸಿ, ನಗೆಗೀಡು ಮಾಡಿ. ಹುಳುವೆಂದು, ರೋಗವೆಂದು, ಕಸವೆಂದು ಕರೆಯಬೇಡಿ. ಚಪ್ಪಾಳೆ ಬರುತ್ತದೆಂದು ಗೊತ್ತಿದ್ದರೂ ಬೇಡ.

ಪ್ರಶ್ನೆ: ದೂರದ ಬಡ ದೇಶಗಳ ಸುದ್ದಿ ನಮಗೆ ಬರುವುದು ದುರಂತವಾದಾಗ ಮಾತ್ರ. ಇದಕ್ಕೆ ಯಾರು ಕಾರಣ? (ಗೃಹಿಣಿಯೊಬ್ಬರು)

ಉತ್ತರ: ಸುದ್ದಿ ಹರಿದುಬರುವ ಕಾಲುವೆಗಳನ್ನು ತೋಡಿದವರು. 1870ರಲ್ಲಿ ಪ್ಯಾರಿಸ್ಸಿನ ಹವಾಸ್, ಲಂಡನ್ನಿನ ರಾಯಿಟರ್ಸ್, ಬರ್ಲಿನ್ನಿನ ವೋಲ್ಫ್ ಎಂಬ ಮೂರು ಸುದ್ದಿಸಂಸ್ಥೆಗಳು ಜಗತ್ತನ್ನು ಒಪ್ಪಂದ ಮಾಡಿಕೊಂಡು ಹಂಚಿಕೊಂಡವು. ಬ್ರಿಟಿಷ್ ಸಾಮ್ರಾಜ್ಯದ ಸುದ್ದಿ ರಾಯಿಟರ್ಸ್‌ನ ಪಾಲಿಗೆ ಬಂತು. ಒಪ್ಪಂದ 1930ರ ದಶಕದಲ್ಲಿ ಮುರಿದುಬಿದ್ದರೂ ನೆರೆಯ ಎರಡು ವಸಾಹತುಗಳು ಪರಸ್ಪರರ ಸುದ್ದಿಯನ್ನು ಯೂರೋಪಿನ ರಾಜಧಾನಿಯ ಮೂಲಕ ಓದುವ ಪದ್ಧತಿ ಬಹುಕಾಲ ಉಳಿಯಿತು. ಶಾನ್ ಮ್ಯಾಕ್‌ಬ್ರೈಡ್ ನೇತೃತ್ವದ ಯುನೆಸ್ಕೊ ಆಯೋಗ 1980ರಲ್ಲಿ ಈ ಅಸಮತೋಲವನ್ನು ವಿವರವಾಗಿ ದಾಖಲಿಸಿತು. ಸರಿಪಡಿಸುವ ಹೆಸರಿನಲ್ಲಿ ಸರ್ಕಾರಗಳು ಪತ್ರಿಕೆಗಳ ಕತ್ತು ಹಿಡಿಯಬಹುದೆಂದು ಪಾಶ್ಚಾತ್ಯ ದೇಶಗಳು ವಿರೋಧಿಸಿದವು. ಆ ಜಗಳವೂ ಸೇರಿ ಅಮೆರಿಕ 1984ರ ಕೊನೆಗೆ, ಬ್ರಿಟನ್ 1985ರಲ್ಲಿ ಯುನೆಸ್ಕೊದಿಂದ ಹೊರನಡೆದವು. ನನ್ನ ಅಭಿಪ್ರಾಯದಲ್ಲಿ ದೂರೂ ನಿಜವಾಗಿತ್ತು, ಭಯವೂ ನಿಜವಾಗಿತ್ತು. ಇಂದು ಆ ದೇಶಗಳ ಪತ್ರಿಕೆಗಳನ್ನೇ ನೇರವಾಗಿ ಓದಲು ಸಾಧ್ಯವಿದೆ ಅಮ್ಮ. ಯಾವುದಾದರೂ ಒಂದು ದೇಶವನ್ನು ಆರಿಸಿಕೊಂಡು, ದುರಂತವಿಲ್ಲದ ಒಂದು ವಾರ ಅಲ್ಲಿ ಏನೇನು ಸುದ್ದಿಯಾಗುತ್ತದೆ ಎಂದು ನೋಡಿ.

ಪ್ರಶ್ನೆ: ಇಷ್ಟೆಲ್ಲ ಓದಿದ ಮೇಲೆ ಯಾವುದನ್ನೂ ನಂಬದಿರುವುದೇ ಕ್ಷೇಮವೆನಿಸುತ್ತದೆ. ತಪ್ಪೇ? (ಬ್ಯಾಂಕ್ ಉದ್ಯೋಗಿ)

ಉತ್ತರ: ತಪ್ಪು ಎಂದೇ ಹೇಳುತ್ತೇನೆ. ಕಾರಣವನ್ನು ಒಂದು ಘಟನೆಯ ಮೂಲಕ ಹೇಳಲು ಬಿಡಿ.

1917ರ ಏಪ್ರಿಲ್‌ನಲ್ಲಿ, ಮೊದಲ ಮಹಾಯುದ್ಧದ ನಡುವೆ, ಜರ್ಮನ್ ಪತ್ರಿಕೆಯೊಂದರ ವರದಿಗಾರ ರಣರಂಗದ ಹಿಂಬದಿಯಲ್ಲಿ ಸತ್ತ ದೇಹಗಳಿಂದ ಕೊಬ್ಬು ತೆಗೆಯುವ ಘಟಕವೊಂದರ ಬಗ್ಗೆ ಚಿಕ್ಕದಾಗಿ ಬರೆದಿದ್ದ. ಅವನು ಬಳಸಿದ ಪದ ‘ಕಡಾವರ್’. ಜರ್ಮನ್ನಿನಲ್ಲಿ ಅದು ಸಾಮಾನ್ಯವಾಗಿ ಪ್ರಾಣಿಯ ಕಳೇಬರವನ್ನು ಹೇಳುವ ಪದ. ಯುದ್ಧದಲ್ಲಿ ಕುದುರೆಗಳು ಲೆಕ್ಕವಿಲ್ಲದಷ್ಟು ಸಾಯುತ್ತಿದ್ದವು. ಇಂಗ್ಲಿಷಿನಲ್ಲಿ ಅದೇ ಮೂಲದ ಪದ ಮನುಷ್ಯನ ಶವಕ್ಕೆ ಸಲ್ಲುತ್ತದೆ. ಲಂಡನ್ನಿನ ದೊಡ್ಡ ಪತ್ರಿಕೆಗಳಲ್ಲಿ ಅದು, ಜರ್ಮನ್ನರು ತಮ್ಮದೇ ಸೈನಿಕರ ಹೆಣಗಳನ್ನು ಕುದಿಸಿ ಕೊಬ್ಬು ತೆಗೆಯುತ್ತಿದ್ದಾರೆಂಬ ಸುದ್ದಿಯಾಗಿ ಜಗತ್ತಿನೆಲ್ಲೆಡೆ ಹರಡಿತು. ಎಮ್ಸ್‌ನಲ್ಲಿ ಆದಂತೆಯೇ ಇಲ್ಲಿಯೂ ಎರಡು ಭಾಷೆಗಳಲ್ಲಿ ಒಂದೇ ತೆರನಾಗಿ ಕಾಣುವ ಪದವೇ ಕೈಕೊಟ್ಟದ್ದು; ಕೈಕೊಟ್ಟರೆ ಕೊಡಲೆಂದು ಬೇಕೆಂದೇ ಸುಮ್ಮನೆ ಬಿಟ್ಟವರೂ ಇದ್ದರು. ಆ ಕಥೆಗೆ ಆಧಾರವಿರಲಿಲ್ಲವೆಂಬ ಜರ್ಮನಿಯ ಹೇಳಿಕೆಯನ್ನು ಒಪ್ಪಿಕೊಳ್ಳುವುದಾಗಿ ಬ್ರಿಟನ್ನಿನ ವಿದೇಶಾಂಗ ಸಚಿವ ಆಸ್ಟಿನ್ ಚೇಂಬರ್ಲೇನ್ ಸಂಸತ್ತಿನಲ್ಲಿ ಹೇಳಿದ್ದು 1925ರಲ್ಲಿ. ಮೋಸಹೋದೆವೆಂದು ಅರಿತ ಒಂದು ಇಡೀ ಪೀಳಿಗೆ, ಇನ್ನು ಮುಂದೆ ಇಂಥವನ್ನೆಲ್ಲ ನಂಬಬಾರದೆಂದು ನಿಶ್ಚಯಿಸಿತು. ನಿಮ್ಮಂತೆಯೇ, ಒಳ್ಳೆಯ ಕಾರಣಕ್ಕೇ ನಿಶ್ಚಯಿಸಿತು.

1942ರ ಬೇಸಿಗೆಯಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಜರ್ಮನಿಯ ವಶದಲ್ಲಿದ್ದ ಪೋಲೆಂಡಿನ ಯಹೂದಿಗಳ ಭೂಗತ ಸಂಘಟನೆಯಿಂದ ಗುಟ್ಟಾಗಿ ಹೊರಬಂದ ವರದಿಯೊಂದು ಲಂಡನ್ ತಲುಪಿತು. ಅದರಲ್ಲಿ ಊರುಗಳ ಹೆಸರಿತ್ತು, ಕೊಲೆಯಾದವರ ಲೆಕ್ಕವಿತ್ತು, ಕೊಂದ ವಿಧಾನವಿತ್ತು. ಜೂನ್ 25ರಂದು ಡೈಲಿ ಟೆಲಿಗ್ರಾಫ್ ಅದನ್ನು ಪ್ರಕಟಿಸಿತು: ಪೋಲೆಂಡಿನಲ್ಲಿ 7 ಲಕ್ಷ ಯಹೂದಿಗಳ ಹತ್ಯೆ. ಸುದ್ದಿ ಬಂದದ್ದು 5ನೇ ಪುಟದಲ್ಲಿ. ಹಿಂದಿನ ಯುದ್ಧದ ಹೆಣದ ಕಾರ್ಖಾನೆಯ ಕಥೆಯನ್ನು ನೆನೆದು ತಲೆಯಾಡಿಸಿದವರು ಅಧಿಕಾರದ ಸ್ಥಾನಗಳಲ್ಲೂ ಸುದ್ದಿಮನೆಗಳಲ್ಲೂ ಇದ್ದರು. ಈ ಬಾರಿಯ ವರದಿ ನಿಜವಾಗಿತ್ತು.

1917ರ ಸುದ್ದಿಗೆ ಮುಖ್ಯ ಸಾಕ್ಷಿಯಾಗಿ ಇದ್ದದ್ದು ಒಂದು ಪದ. ಆ ಪದವನ್ನು ಮೂಲದಲ್ಲಿ ನೋಡಿ, ಜರ್ಮನ್ ಬಲ್ಲ ಒಬ್ಬರನ್ನು ಕೇಳಿದ್ದರೆ ಒಂದು ಮಧ್ಯಾಹ್ನದಲ್ಲಿ ಅನುಮಾನ ಹುಟ್ಟಿಬಿಡುತ್ತಿತ್ತು. 1942ರ ವರದಿಯಲ್ಲಿ ಸ್ಥಳ, ತಿಂಗಳು, ಸಂಖ್ಯೆಗಳಿದ್ದವು; ಪ್ರತಿಯೊಂದನ್ನೂ ಬೇರೆ ಮೂಲಗಳೊಂದಿಗೆ ತಾಳೆ ನೋಡಲು ದಾರಿಯಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಎಲ್ಲ ಪ್ರಚಾರವೇ’ ಎಂದವರು ತಮ್ಮನ್ನು ಜಾಣರೆಂದೇ ತಿಳಿದಿದ್ದರು. ಆ 5ನೇ ಪುಟವನ್ನು ಓದಿ ಮಡಚಿಟ್ಟವರಲ್ಲಿ ನಾನೂ ಇರುತ್ತಿದ್ದೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನೀವೂ ಒಮ್ಮೆ ಕೇಳಿಕೊಂಡು, ಮತ್ತೆ ಬರೆಯಿರಿ.